ರಕ್ತ ಪರೀಕ್ಷೆ ಬಂತು, ಮದ್ದು ಇನ್ನೂ ಅರ್ಧ ದಾರಿಯಲ್ಲಿದೆ

2025ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಲ್ಜೈಮರ್ ಎಂಬ ಮರೆವಿನ ಕಾಯಿಲೆಯ ಪತ್ತೆಗೆ ನೆರವಾಗುವ ಮೊದಲ ರಕ್ತ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಜಪಾನ್ ಮೂಲದ ಫುಜಿರೆಬಿಯೊ ಕಂಪನಿಯ ಲುಮಿಪಲ್ಸ್ ಪರೀಕ್ಷೆ ಅದು. ಇಂಥ ಸುದ್ದಿ ಫೋನಿನಿಂದ ಫೋನಿಗೆ ಹಾರುವಾಗ ಸಣ್ಣ ಅಕ್ಷರಗಳೆಲ್ಲ ಉದುರಿಹೋಗುತ್ತವೆ. ಕೊನೆಗೆ ಉಳಿಯುವುದು ಇಷ್ಟೇ: ರಕ್ತ ಕೊಟ್ಟರೆ ಸಾಕು, ಮುಂದೆ ಮರೆವಿನ ಕಾಯಿಲೆ ಬರುತ್ತದೋ ಇಲ್ಲವೋ ಗೊತ್ತಾಗುತ್ತದೆ. ಈ ಪರೀಕ್ಷೆ ಅದನ್ನು ಹೇಳುವುದಿಲ್ಲ. ಅದಕ್ಕೆ ಒಪ್ಪಿಗೆ ಸಿಕ್ಕಿರುವುದು 55 ದಾಟಿದ, ಆಗಲೇ ಮರೆವಿನ ಲಕ್ಷಣ ಕಾಣಿಸಿಕೊಂಡ, ತಜ್ಞ ವೈದ್ಯರ ಬಳಿ ಬಂದವರಿಗೆ ಮಾತ್ರ.

ಹಾಗಂತ ಇದು ಸಣ್ಣ ಸಾಧನೆ ಏನಲ್ಲ. ಅಲೋಯಿಸ್ ಅಲ್ಜೈಮರ್ ಎಂಬ ಜರ್ಮನ್ ವೈದ್ಯ 1906ರಲ್ಲಿ ಈ ಕಾಯಿಲೆಯನ್ನು ಮೊದಲು ವಿವರಿಸಿದ್ದು ತೀರಿಕೊಂಡ ರೋಗಿಯೊಬ್ಬರ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ. ಅಲ್ಲಿಂದ ಹೆಚ್ಚುಕಡಿಮೆ ನೂರು ವರ್ಷ ಅದೇ ಕಥೆ. ಬದುಕಿದ್ದವರಲ್ಲಿ ಇದು ಅಲ್ಜೈಮರ್ರೇ ಎಂದು ಖಚಿತವಾಗಿ ಹೇಳಲು ದಾರಿಯೇ ಇರಲಿಲ್ಲ. ಆಮೇಲೆ ಮಿದುಳಿನ ಚಿತ್ರ ತೆಗೆಯುವ ಪೆಟ್ ಸ್ಕ್ಯಾನ್ ಬಂತು, ಬೆನ್ನಿಗೆ ಸೂಜಿ ಹಾಕಿ ದ್ರವ ತೆಗೆದು ನೋಡುವ ವಿಧಾನ ಬಂತು. ಒಂದು ದುಬಾರಿ, ಇನ್ನೊಂದಕ್ಕೆ ಜನ ಹೆದರುತ್ತಾರೆ. ಈಗ ತೋಳಿನಿಂದ ಒಂದು ಟ್ಯೂಬ್ ರಕ್ತ ತೆಗೆದರೆ ಬಹುಪಾಲು ಅದೇ ಉತ್ತರ ಸಿಗುತ್ತದೆ.

ಸಿಕ್ಕ ಉತ್ತರವನ್ನು ಇಟ್ಟುಕೊಂಡು ಏನು ಮಾಡುವುದು? ತೊಡಕು ಇರುವುದು ಇಲ್ಲಿ. ಕಾಯಿಲೆಯನ್ನು ಕಂಡುಹಿಡಿಯುವುದರಲ್ಲಿ ವಿಜ್ಞಾನ ತುಂಬ ಮುಂದೆ ಹೋಗಿದೆ, ವಾಸಿ ಮಾಡುವುದರಲ್ಲಿ ಹಿಂದೆ ಉಳಿದಿದೆ. ಈ ಎರಡರ ನಡುವಿನ ಅಂತರ ಇಷ್ಟು ದೊಡ್ಡದು ಹಿಂದೆಂದೂ ಇರಲಿಲ್ಲ. ಮರೆವಿನ ಕಾಯಿಲೆಯ ಬಗ್ಗೆ ಈಚೆಗೆ ಬರುತ್ತಿರುವ ಸುದ್ದಿಗಳಲ್ಲಿ ಅರ್ಧದಷ್ಟು ಗೊಂದಲ ಹುಟ್ಟುವುದು ಈ ಅಂತರದಿಂದಲೇ.

ಪರೀಕ್ಷೆ ಏನನ್ನು ಅಳೆಯುತ್ತದೆ ಎಂದು ಮೊದಲು ನೋಡೋಣ. ಅಲ್ಜೈಮರ್ ಬಂದ ಮಿದುಳಿನಲ್ಲಿ ಎರಡು ಬಗೆಯ ಪ್ರೋಟೀನುಗಳು ಕೆಟ್ಟು ಕೂರುತ್ತವೆ. ಒಂದು ಅಮಿಲಾಯ್ಡ್, ಇದು ನರಕೋಶಗಳ ಹೊರಗೆ ಗಂಟುಗಟ್ಟುತ್ತದೆ. ಇನ್ನೊಂದು ಟೌ, ಇದು ನರಕೋಶದ ಒಳಗೇ ಸಿಕ್ಕುಸಿಕ್ಕಾಗುತ್ತದೆ. ಅಮಿಲಾಯ್ಡ್ ಜಮೆಯಾಗಲು ಶುರುವಾದಾಗ ಟೌ ಪ್ರೋಟೀನಿನ ಸರಪಳಿಯಲ್ಲಿ 217ನೇ ಜಾಗದಲ್ಲಿ ಒಂದು ಫಾಸ್ಫೇಟ್ ಗುಂಪು ಜಾಸ್ತಿ ಅಂಟಿಕೊಳ್ಳುತ್ತದೆ. ಇದಕ್ಕೆ ಪಿ-ಟೌ217 ಎಂದು ಹೆಸರು. ಇದರ ಅತಿ ಸಣ್ಣ ಪಾಲು ರಕ್ತಕ್ಕೆ ಸೋರುತ್ತದೆ. ಅಮಿಲಾಯ್ಡ್ ಮಾತ್ರ ರಕ್ತದಲ್ಲಿ ಕಡಿಮೆಯಾಗುತ್ತದೆ, ಯಾಕಂದರೆ ಅದು ಮಿದುಳಿನಲ್ಲೇ ಸಿಕ್ಕಿಕೊಳ್ಳುತ್ತಿರುತ್ತದೆ. ಲುಮಿಪಲ್ಸ್ ಪರೀಕ್ಷೆ ಇವೆರಡರ ಅನುಪಾತ ನೋಡುತ್ತದೆ. ಒಂದು ಏರಿ ಇನ್ನೊಂದು ಇಳಿದರೆ ಅನುಪಾತ ಎದ್ದು ಕಾಣುತ್ತದೆ. ಜಾಣ ಉಪಾಯ ಅಲ್ವಾ?

ಒಪ್ಪಿಗೆಗೆ ಆಧಾರವಾದ ಅಧ್ಯಯನದಲ್ಲಿ 499 ಜನರ ರಕ್ತದ ಮಾದರಿಗಳಿದ್ದವು. ಪರೀಕ್ಷೆ ಪಾಸಿಟಿವ್ ಎಂದವರಲ್ಲಿ ಶೇ. 91.7 ಮಂದಿಗೆ ಸ್ಕ್ಯಾನ್ ಅಥವಾ ಬೆನ್ನಿನ ದ್ರವದ ಪರೀಕ್ಷೆಯಲ್ಲೂ ಅಮಿಲಾಯ್ಡ್ ಇತ್ತು. ನೆಗೆಟಿವ್ ಎಂದವರಲ್ಲಿ ಶೇ. 97.3 ಮಂದಿಗೆ ನಿಜಕ್ಕೂ ಇರಲಿಲ್ಲ. ಐವರಲ್ಲಿ ಒಬ್ಬರಿಗಿಂತ ಕಡಿಮೆ ಜನಕ್ಕೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎಂಬ ಉತ್ತರ ಬಂತು.

ಶೇ. 91.7 ಅಂದರೆ ಚೆನ್ನಾಗಿಯೇ ಇದೆ, ಆರೋಗ್ಯವಾಗಿರುವವರೂ ಒಮ್ಮೆ ಮಾಡಿಸಿ ನೋಡಿದರೆ ತಪ್ಪೇನು ಅನ್ನಿಸಬಹುದು. ಇಲ್ಲಿ ಒಂದು ಲೆಕ್ಕ ಮಾಡೋಣ. ಅಂಕಿಗಳು ಸುಲಭವಾಗಲಿ ಎಂದು ನಾನೇ ಇಟ್ಟುಕೊಂಡವು. ನಿಜವಾಗಿ ಅಮಿಲಾಯ್ಡ್ ಇರುವ 100 ಜನರಲ್ಲಿ 90 ಜನರನ್ನು ಹಿಡಿಯುವ, ಇಲ್ಲದ 100 ಜನರಲ್ಲಿ 90 ಜನರಿಗೆ ಸರಿಯಾಗಿ ಇಲ್ಲ ಎನ್ನುವ ಒಂದು ಪರೀಕ್ಷೆ ಇದೆ ಅಂದುಕೊಳ್ಳಿ. ಮರೆವಿನ ತೊಂದರೆಯಿಂದ ತಜ್ಞರ ಬಳಿ ಬಂದ 1000 ಜನರಲ್ಲಿ 500 ಮಂದಿಗೆ ಅಮಿಲಾಯ್ಡ್ ಇದೆ. ಆಗ ಸರಿಯಾದ ಪಾಸಿಟಿವ್ 450, ತಪ್ಪು ಪಾಸಿಟಿವ್ 50. ಪಾಸಿಟಿವ್ ಬಂದ ಹತ್ತರಲ್ಲಿ ಒಂಬತ್ತು ಸರಿ. ಈಗ ಇದೇ ಪರೀಕ್ಷೆಯನ್ನು ಯಾವ ತೊಂದರೆಯೂ ಇಲ್ಲದ 1000 ಜನರ ಮೇಲೆ ಮಾಡಿ. ಅವರಲ್ಲಿ 100 ಮಂದಿಗೆ ಮಾತ್ರ ಅಮಿಲಾಯ್ಡ್ ಇದೆ. ಸರಿಯಾದ ಪಾಸಿಟಿವ್ 90. ಉಳಿದ 900 ಜನರಲ್ಲಿ ಶೇ. 10, ಅಂದರೆ ಇನ್ನೂ 90 ಮಂದಿಗೆ ತಪ್ಪಾಗಿ ಪಾಸಿಟಿವ್. ಪರೀಕ್ಷೆ ಅದೇ, ಯಂತ್ರ ಅದೇ. ಪಾಸಿಟಿವ್ ಎಂಬ ಮಾತಿನ ಬೆಲೆ ಮಾತ್ರ ನಾಣ್ಯ ಚಿಮ್ಮಿ ನೋಡುವ ಮಟ್ಟಕ್ಕೆ ಇಳಿಯಿತು.

ಎರಡನೆಯ ತೊಡಕು ಇನ್ನೂ ದೊಡ್ಡದು. ಅಮಿಲಾಯ್ಡ್ ಇದ್ದವರಿಗೆಲ್ಲ ಮರೆವು ಬರುವುದಿಲ್ಲ. ನೆನಪು, ಯೋಚನೆ ಎಲ್ಲ ಸರಿಯಿರುವವರಲ್ಲೂ 50ರ ವಯಸ್ಸಿಗೆ ಸುಮಾರು ಶೇ. 10, 90ರ ವಯಸ್ಸಿಗೆ ಸುಮಾರು ಶೇ. 44 ಮಂದಿಗೆ ಮಿದುಳಿನಲ್ಲಿ ಅಮಿಲಾಯ್ಡ್ ಇರುತ್ತದೆ ಎಂದು 2015ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಕಂಡಿತ್ತು. ಇವರಲ್ಲಿ ಎಷ್ಟೋ ಜನ ಕೊನೆತನಕ ಲೆಕ್ಕಪತ್ರ ನೋಡಿಕೊಂಡು, ಮಾತಾಡಿಕೊಂಡು ಇರುತ್ತಾರೆ. ಅಮೆರಿಕದಲ್ಲಿ 2023ರಲ್ಲೇ ಒಂದು ಲ್ಯಾಬ್ ಕಂಪನಿ ಇಂಥದೇ ಒಂದು ಪರೀಕ್ಷೆಯನ್ನು ಜನರಿಗೆ ನೇರವಾಗಿ ಮಾರಲು ಶುರು ಮಾಡಿತು. ನನ್ನ ಮಟ್ಟಿಗೆ ಅದು ಆತುರದ ಕೆಲಸ. ಪಾಸಿಟಿವ್ ಎಂಬ ಕಾಗದ ಹಿಡಿದು ಹದಿನೈದು ವರ್ಷ ಕಾಯುವುದಿದೆಯಲ್ಲ, ಅದೂ ಒಂದು ಕಾಯಿಲೆಯೇ.

ಇನ್ನು ಮದ್ದಿನ ವಿಷಯ. ಲೆಕನೆಮ್ಯಾಬ್, ಡೊನನೆಮ್ಯಾಬ್ ಎಂಬ ಎರಡು ಔಷಧಗಳು ಈಗ ಬಳಕೆಯಲ್ಲಿವೆ. ಎರಡೂ ಪ್ರತಿಕಾಯಗಳು. ಅಮಿಲಾಯ್ಡ್‌ಗೆ ಅಂಟಿಕೊಂಡು ಅದನ್ನು ಮಿದುಳಿನಿಂದ ತೆಗೆದುಹಾಕುತ್ತವೆ. ತೆಗೆಯುವ ಕೆಲಸವನ್ನಂತೂ ಚೆನ್ನಾಗಿ ಮಾಡುತ್ತವೆ, ಸ್ಕ್ಯಾನಿನಲ್ಲಿ ಕಣ್ಣಿಗೆ ಕಾಣುವಷ್ಟು. ಲೆಕನೆಮ್ಯಾಬ್‌ನ ಮುಖ್ಯ ಪ್ರಯೋಗದಲ್ಲಿ 1795 ಜನ ಇದ್ದರು, 18 ತಿಂಗಳು ನಡೆಯಿತು. ಕಾಯಿಲೆಯ ವೇಗ ಶೇ. 27 ಕಡಿಮೆಯಾಯಿತು ಎಂದು ಸುದ್ದಿಯಾಯಿತು.

ಈ ಶೇ. 27 ಎಲ್ಲಿಂದ ಬಂತು? ಅಳತೆಗೆ ಬಳಸಿದ್ದು 0ಯಿಂದ 18ರವರೆಗಿನ ಒಂದು ಪಟ್ಟಿ. ವೈದ್ಯರು ರೋಗಿಯನ್ನೂ ಮನೆಯವರನ್ನೂ ಕೂರಿಸಿಕೊಂಡು ಆರು ವಿಷಯ ವಿಚಾರಿಸುತ್ತಾರೆ: ನೆನಪು, ದಿನ ಮತ್ತು ಜಾಗದ ಅರಿವು, ತೀರ್ಮಾನ ತೆಗೆದುಕೊಳ್ಳುವ ಶಕ್ತಿ, ಹೊರಗಿನ ವ್ಯವಹಾರ, ಮನೆಕೆಲಸ ಮತ್ತು ಹವ್ಯಾಸ, ತನ್ನ ಮೈ ತಾನು ನೋಡಿಕೊಳ್ಳುವುದು. ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ. ಅಂಕ ಏರಿದಷ್ಟೂ ಕಾಯಿಲೆ ಮುಂದುವರಿದಿದೆ ಎಂದರ್ಥ. ಹದಿನೆಂಟು ತಿಂಗಳಲ್ಲಿ ಔಷಧ ಪಡೆಯದವರ ಅಂಕ 1.66 ಏರಿತು, ಪಡೆದವರದು 1.21. ವ್ಯತ್ಯಾಸ 0.45. ಈ ಪಟ್ಟಿಯಲ್ಲಿ ಒಂದು ವಿಷಯದಲ್ಲಿ ಒಂದು ಮೆಟ್ಟಿಲು ಕೆಳಗಿಳಿದರೇ ಕನಿಷ್ಠ ಅರ್ಧ ಅಂಕ. ಎಂದರೆ ಸರಾಸರಿ ಲೆಕ್ಕದಲ್ಲಿ ಸಿಕ್ಕ ಲಾಭ ಅತಿ ಸಣ್ಣ ಮೆಟ್ಟಿಲಿಗಿಂತಲೂ ಚೂರು ಕಡಿಮೆ. ಶೇ. 27 ಸುಳ್ಳಲ್ಲ, 0.45 ಕೂಡ ಸುಳ್ಳಲ್ಲ. ಜಾಹೀರಾತಿನಲ್ಲಿ ಯಾವುದು ಕಾಣುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಲೆಕನೆಮ್ಯಾಬ್ ಶುರು ಮಾಡಿದವರು ಎರಡು ವಾರಕ್ಕೊಮ್ಮೆ ಡ್ರಿಪ್ ಹಾಕಿಸಿಕೊಳ್ಳಬೇಕು, ಮಧ್ಯೆ ಮಧ್ಯೆ ಎಂಆರ್‌ಐ ಮಾಡಿಸಬೇಕು. ಪ್ರಯೋಗದಲ್ಲಿ ಔಷಧ ಪಡೆದವರಲ್ಲಿ ಶೇ. 12.6 ಮಂದಿಯ ಮಿದುಳಿನಲ್ಲಿ ಬಾವು ಕಂಡಿತು. ಹೆಚ್ಚಿನವರಿಗೆ ಅದು ಗೊತ್ತೂ ಆಗಲಿಲ್ಲ, ಸ್ಕ್ಯಾನಿನಲ್ಲಷ್ಟೇ ಕಂಡದ್ದು. ಆದರೆ ಎಪಿಒಇ4 ಎಂಬ ಜೀನಿನ ಎರಡು ಪ್ರತಿ ಇರುವವರಲ್ಲಿ ಸುಮಾರು ಮೂವರಿಗೆ ಒಬ್ಬರಂತೆ ಬಾವು ಬಂತು. ಅಲ್ಜೈಮರ್ ಬರುವ ಸಂಭವ ಜಾಸ್ತಿ ಇರುವುದೂ ಇವರಿಗೇ. ಮದ್ದು ಯಾರಿಗೆ ತುಂಬ ಬೇಕೋ ಅವರಿಗೇ ಅಪಾಯವೂ ಜಾಸ್ತಿ.

ಆದರೂ ಈ ಔಷಧಗಳನ್ನು ತಳ್ಳಿಹಾಕುವುದು ಸರಿಯಲ್ಲ. ಇವಕ್ಕಿಂತ ಮೊದಲು, 2021ರಲ್ಲಿ, ಅಡುಕನುಮ್ಯಾಬ್ ಎಂಬುದಕ್ಕೆ ಎಫ್‌ಡಿಎ ತನ್ನದೇ ಸಲಹಾ ಸಮಿತಿಯ ಮಾತು ಮೀರಿ ಒಪ್ಪಿಗೆ ಕೊಟ್ಟಿತ್ತು. ಸಮಿತಿಯ ಮೂವರು ರಾಜೀನಾಮೆ ಕೊಟ್ಟು ಹೊರಬಂದರು. 2024ರಲ್ಲಿ ಕಂಪನಿಯೇ ಅದನ್ನು ಕೈಬಿಟ್ಟಿತು. ಅದಕ್ಕೆ ಹೋಲಿಸಿದರೆ ಲೆಕನೆಮ್ಯಾಬ್, ಡೊನನೆಮ್ಯಾಬ್ ಪ್ರಯೋಗಗಳು ಗಟ್ಟಿಯಾಗಿವೆ. ಅಮಿಲಾಯ್ಡ್ ತೆಗೆದರೆ ಕಾಯಿಲೆಯ ನಡಿಗೆ ಸ್ವಲ್ಪವಾದರೂ ನಿಧಾನವಾಗುತ್ತದೆ ಎಂದು ಅವು ತೋರಿಸಿದವು. ಅಷ್ಟರಮಟ್ಟಿಗೆ ದಾರಿ ಸರಿ. ಲಕ್ಷಣ ಕಾಣುವ ಹೊತ್ತಿಗೆ ನರಕೋಶಗಳು ಸಾಕಷ್ಟು ಸತ್ತಿರುವುದರಿಂದ ಮದ್ದು ತಡವಾಗಿ ತಲುಪುತ್ತಿದೆ ಎಂಬುದು ಸಂಶೋಧಕರ ಅನುಮಾನ. ಅದು ನಿಜವೇ ಎಂಬುದಕ್ಕೆ ಆಮೇಲೆ ಬರೋಣ.

ಅಷ್ಟರಲ್ಲಿ ಯಾರೂ ನಿರೀಕ್ಷಿಸದ ಕಡೆಯಿಂದ ಒಂದು ಸುದ್ದಿ ಬಂತು: ಸರ್ಪಸುತ್ತಿನ ಲಸಿಕೆ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ತರುವ ವೈರಸ್ ವಾಸಿಯಾದ ಮೇಲೂ ಮೈಬಿಟ್ಟು ಹೋಗುವುದಿಲ್ಲ. ನರಗಳ ಬುಡದಲ್ಲಿ ಅಡಗಿ ಕೂತು, ವಯಸ್ಸಾದ ಮೇಲೆ ಸರ್ಪಸುತ್ತಾಗಿ ಎದ್ದು ಬರುತ್ತದೆ. ಅದಕ್ಕೆ ಲಸಿಕೆ ಇದೆ. ಲಸಿಕೆ ಹಾಕಿಸಿಕೊಂಡವರಲ್ಲಿ ಮರೆವಿನ ಕಾಯಿಲೆ ಕಡಿಮೆ ಎಂದು ಹಿಂದೆಯೂ ಕೆಲವು ಅಧ್ಯಯನಗಳು ಹೇಳಿದ್ದವು. ಯಾರೂ ಅಷ್ಟಾಗಿ ನಂಬಿರಲಿಲ್ಲ, ಅದಕ್ಕೆ ಕಾರಣವೂ ಇತ್ತು. ಲಸಿಕೆ ಹಾಕಿಸಿಕೊಳ್ಳುವವರು ಸಾಮಾನ್ಯವಾಗಿ ಆರೋಗ್ಯದ ಬಗ್ಗೆ ಕಾಳಜಿ ಇರುವವರು. ಬಿಪಿ ನೋಡಿಸಿಕೊಳ್ಳುತ್ತಾರೆ, ನಡೆದಾಡುತ್ತಾರೆ. ಕಾಯಿಲೆ ಕಡಿಮೆಯಾದದ್ದು ಲಸಿಕೆಯಿಂದಲೋ ಈ ಅಭ್ಯಾಸಗಳಿಂದಲೋ ಎಂದು ಬೇರೆ ಮಾಡುವುದು ಹೇಗೆ?

ಬ್ರಿಟನ್ನಿನ ವೇಲ್ಸ್‌ನಲ್ಲಿ ಇದಕ್ಕೊಂದು ದಾರಿ ತಾನಾಗಿಯೇ ತೆರೆದುಕೊಂಡಿತ್ತು. ಅಲ್ಲಿ 2013ರ ಸೆಪ್ಟೆಂಬರ್ 1ರಂದು ಈ ಲಸಿಕೆ ಕೊಡಲು ಶುರು ಮಾಡಿದಾಗ ಸರ್ಕಾರ ಒಂದು ಗೆರೆ ಎಳೆಯಿತು. 1933ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರಿಗೆ ಲಸಿಕೆ ಸಿಗುತ್ತದೆ, ಅದಕ್ಕಿಂತ ಮೊದಲು ಹುಟ್ಟಿದವರಿಗೆ ಎಂದೂ ಇಲ್ಲ. ಗೆರೆಯ ಈಚೆ ಆಚೆ ಒಂದು ವಾರದ ಅಂತರದಲ್ಲಿ ಹುಟ್ಟಿದವರನ್ನು ನೋಡಿ. ಅವರ ನಡುವೆ ಏನು ವ್ಯತ್ಯಾಸ? ಆರೋಗ್ಯದ ಕಾಳಜಿ ಜಾಸ್ತಿ ಎಂದು ಯಾರೂ ಒಂದು ವಾರ ತಡವಾಗಿ ಹುಟ್ಟುವುದಿಲ್ಲ. ಒಂದು ಗುಂಪಿನಲ್ಲಿ ಲಸಿಕೆ ಪಡೆದವರು ಶೇ. 0.01, ಇನ್ನೊಂದರಲ್ಲಿ ಶೇ. 47.2. ಸ್ಟ್ಯಾನ್‌ಫರ್ಡ್‌ನ ಪ್ಯಾಸ್ಕಲ್ ಗೆಲ್ಡ್‌ಸೆಟ್ಸರ್ ತಂಡ 2,80,000ಕ್ಕೂ ಹೆಚ್ಚು ಜನರ ಆರೋಗ್ಯ ದಾಖಲೆ ಹಿಡಿದು ಏಳು ವರ್ಷದ ಲೆಕ್ಕ ನೋಡಿತು. ಲಸಿಕೆ ಪಡೆದವರಲ್ಲಿ ಹೊಸದಾಗಿ ಮರೆವಿನ ಕಾಯಿಲೆ ಪತ್ತೆಯಾಗುವುದು ಐದರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗಿತ್ತು. ನೇರ ಲೆಕ್ಕದಲ್ಲಿ ನೂರಕ್ಕೆ 3.5 ಜನರಷ್ಟು. ಹೆಂಗಸರಲ್ಲಿ ಲಾಭ ಜಾಸ್ತಿ. 2025ರ ಏಪ್ರಿಲ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಆಸ್ಟ್ರೇಲಿಯಾದಲ್ಲೂ ಇಂಥದೇ ವಯಸ್ಸಿನ ಗೆರೆ ಇತ್ತು, ಅಲ್ಲಿನ ದಾಖಲೆಗಳೂ ಹೆಚ್ಚುಕಡಿಮೆ ಇದನ್ನೇ ಹೇಳಿದವು.

ಈಚಿನ ವರ್ಷಗಳಲ್ಲಿ ಮರೆವಿನ ಕಾಯಿಲೆಯ ಬಗ್ಗೆ ಬಂದ ಅಧ್ಯಯನಗಳಲ್ಲಿ ನನಗೆ ತುಂಬ ಹಿಡಿಸಿದ್ದು ಇದು. ಹೊಸ ಯಂತ್ರ ಇಲ್ಲ, ಹೊಸ ಅಣು ಇಲ್ಲ. ಒಂದು ಸರ್ಕಾರಿ ಆದೇಶದ ದಿನಾಂಕವನ್ನು ಹಿಡಿದು ಇಷ್ಟು ದೂರ ಹೋದರು. ವೈರಸ್ ಏಳುವುದನ್ನು ತಡೆದದ್ದೇ ಕಾರಣವೋ, ಲಸಿಕೆ ರೋಗನಿರೋಧಕ ಶಕ್ತಿಯನ್ನೇ ಬೇರೆ ರೀತಿ ತಿದ್ದಿತೋ, ಇನ್ನೂ ತೀರ್ಮಾನವಾಗಿಲ್ಲ. ಅಲ್ಲಿ ಕೊಟ್ಟದ್ದು ಜೀವಂತ ವೈರಸ್ಸನ್ನು ದುರ್ಬಲಗೊಳಿಸಿ ಮಾಡಿದ ಹಳೆಯ ಲಸಿಕೆ. ಈಗ ಹಲವು ದೇಶಗಳಲ್ಲಿ ಬಳಸುವ ಹೊಸದು ಬೇರೆ ಬಗೆಯದು.

ಇಷ್ಟೆಲ್ಲ ಜಾಗ್ರತೆ ಯಾಕೆ ಬೇಕು ಎಂಬುದಕ್ಕೆ ಸೆಮಗ್ಲುಟೈಡ್ ಉದಾಹರಣೆ ಸಾಕು. ಸಕ್ಕರೆ ಕಾಯಿಲೆಗೂ ತೂಕ ಇಳಿಸಲೂ ಬಳಸುವ ಔಷಧ ಇದು. ಇದನ್ನು ತೆಗೆದುಕೊಳ್ಳುವವರಲ್ಲಿ ಮರೆವಿನ ಕಾಯಿಲೆ ಕಡಿಮೆ ಎಂದು ಆಸ್ಪತ್ರೆ ದಾಖಲೆಗಳನ್ನು ನೋಡಿದ ಅಧ್ಯಯನಗಳು ಹೇಳಿದ್ದವು. ಆಸೆ ದೊಡ್ಡದಾಗಿತ್ತು. ಅಲ್ಜೈಮರ್‌ನ ಮೊದಲ ಹಂತದಲ್ಲಿದ್ದವರ ಮೇಲೆ ಕಂಪನಿ ಎರಡು ದೊಡ್ಡ ಪ್ರಯೋಗ ಮಾಡಿತು. 2025ರ ನವೆಂಬರ್‌ನಲ್ಲಿ ಫಲಿತಾಂಶ ಬಂತು: ಕಾಯಿಲೆಯ ವೇಗ ತಗ್ಗಲಿಲ್ಲ. ಬರುವ ಮುಂಚೆ ತಡೆಯುವುದು ಬೇರೆ, ಬಂದ ಮೇಲೆ ನಿಧಾನ ಮಾಡುವುದು ಬೇರೆ ಎಂದು ವಾದ ಮಾಡಬಹುದು. ಆ ವಾದದಲ್ಲಿ ಹುರುಳಿದೆ. ಆದರೆ ದಾಖಲೆಯಲ್ಲಿ ಕಂಡ ನಂಟು ಪ್ರಯೋಗದಲ್ಲಿ ನಿಲ್ಲಲಿಲ್ಲ ಎಂಬುದಂತೂ ನಿಜ. ಅದೇ ವರ್ಷ ಹಾರ್ವರ್ಡ್ ತಂಡವೊಂದು ಇಲಿಗಳಲ್ಲಿ ಲಿಥಿಯಂ ಕೊರತೆಗೂ ಅಲ್ಜೈಮರ್‌ಗೂ ನಂಟಿದೆ ಎಂದು ತೋರಿಸಿತು. ಒಳ್ಳೆಯ ಸಂಶೋಧನೆಯೇ. ಆದರೆ ಇಲಿಯಲ್ಲಿ ವಾಸಿಯಾದ ಅಲ್ಜೈಮರ್ ಮನುಷ್ಯರಲ್ಲಿ ವಾಸಿಯಾಗದ ಕಥೆಗಳು ಬೇಕಾದಷ್ಟಿವೆ. ಸುಮ್ನೆ ಅಂಗಡಿಯಿಂದ ಲಿಥಿಯಂ ಮಾತ್ರೆ ತಂದು ನುಂಗಿದರೆ ಕಿಡ್ನಿ, ಥೈರಾಯ್ಡ್‌ಗೆ ತೊಂದರೆಯಾಗಬಹುದು.

ಇನ್ನು ಕಿವಿ. 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಮರೆವಿನ ಕಾಯಿಲೆಗೆ ಕಾರಣವಾಗುವ, ನಾವು ಬದಲಿಸಬಹುದಾದ 14 ಅಂಶಗಳನ್ನು ಪಟ್ಟಿ ಮಾಡಿತು. ಅದರಲ್ಲಿ ದೊಡ್ಡ ಪಾಲು ಪಡೆದವುಗಳಲ್ಲಿ ಒಂದು ಕಿವುಡುತನ, ಇನ್ನೊಂದು ಕೆಟ್ಟ ಕೊಲೆಸ್ಟ್ರಾಲ್. ಹದಿನಾಲ್ಕನ್ನೂ ಸರಿ ಮಾಡಿದರೆ ಜಗತ್ತಿನ ಶೇ. 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬ ಅಂದಾಜು ಎಲ್ಲ ಕಡೆ ಓಡಾಡಿತು. ಇದು ಇಡೀ ಜನಸಂಖ್ಯೆಯ ಲೆಕ್ಕ. ನಿಮ್ಮೊಬ್ಬರ ಅಪಾಯ ಅರ್ಧಕ್ಕೆ ಇಳಿಯುತ್ತದೆ ಎಂದು ಓದಿಕೊಳ್ಳಬಾರದು.

ಕಿವಿ ಕೇಳಿಸದಿದ್ದರೆ ಮಿದುಳಿಗೇನು? ಎದುರಿನವರ ಮಾತು ಅರೆಬರೆ ಕೇಳಿದಾಗ ಉಳಿದದ್ದನ್ನು ಊಹಿಸುವ ಕೆಲಸ ಮಿದುಳಿನದು. ನೆನಪಿಡಲು ಬೇಕಾದ ಶಕ್ತಿ ಊಹೆಗೇ ಖರ್ಚಾಗುತ್ತದೆ ಎಂಬುದು ಒಂದು ವಿವರಣೆ. ಶಬ್ದ ತಲುಪದೆ ಆ ಭಾಗ ಸೊರಗುತ್ತದೆ ಎಂಬುದು ಇನ್ನೊಂದು. ಮೂರನೆಯದು ಎಲ್ಲರೂ ಕಂಡಿರುವುದೇ: ಕೇಳಿಸದವರು ನಾಲ್ಕು ಜನರ ನಡುವೆ ಕೂರುವುದನ್ನು ಬಿಡುತ್ತಾರೆ. ಹೌದೌದು ಎಂದು ತಲೆಯಾಡಿಸಿ, ಮೆಲ್ಲಗೆ ಎದ್ದು ಒಳಗೆ ಹೋಗುತ್ತಾರೆ.

ಹಾಗಾದರೆ ಹಿಯರಿಂಗ್ ಏಡ್ ಹಾಕಿದರೆ ಮರೆವು ತಡೆಯಬಹುದೇ? ಅಮೆರಿಕದ ಅಚೀವ್ ಪ್ರಯೋಗದಲ್ಲಿ 70ರಿಂದ 84 ವಯಸ್ಸಿನ 977 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹಿಯರಿಂಗ್ ಏಡ್, ಇನ್ನೊಂದಕ್ಕೆ ಆರೋಗ್ಯದ ತಿಳಿವಳಿಕೆ ಪಾಠ ಕೊಟ್ಟರು. ಮೂರು ವರ್ಷದ ನಂತರ, 2023ರಲ್ಲಿ ಬಂದ ಉತ್ತರ: ಒಟ್ಟಾರೆ ಎರಡೂ ಗುಂಪಿನಲ್ಲಿ ವ್ಯತ್ಯಾಸ ಇಲ್ಲ. ಆದರೆ ಇವರಲ್ಲಿ 238 ಜನ ಹಳೆಯದೊಂದು ಹೃದಯದ ಅಧ್ಯಯನದಿಂದ ಬಂದವರು. ವಯಸ್ಸೂ ಜಾಸ್ತಿ, ಅಪಾಯವೂ ಜಾಸ್ತಿ. ಅವರಲ್ಲಿ ಮಾತ್ರ ಯೋಚನಾಶಕ್ತಿ ಕುಸಿಯುವ ವೇಗ ಶೇ. 48 ಕಡಿಮೆಯಾಗಿತ್ತು. ತಲೆಬರಹಗಳಲ್ಲಿ ಈ 48 ಬಂತು, ಒಟ್ಟಾರೆ ಸೊನ್ನೆ ಬರಲಿಲ್ಲ. ಉಳಿದವರು ಗಟ್ಟಿಯಾಗಿದ್ದರು, ಮೂರು ವರ್ಷದಲ್ಲಿ ಅವರ ಯೋಚನಾಶಕ್ತಿ ಕುಸಿದದ್ದು ತುಂಬ ನಿಧಾನವಾಗಿ. ಅಷ್ಟು ನಿಧಾನವಾಗಿ ಕುಸಿಯುವುದನ್ನು ತಡೆದರೂ ಕಾಣುವುದೇನು? ವಿವರಣೆ ಒಪ್ಪುವಂತಿದೆ. ಆದರೂ ಒಂದು ಸಣ್ಣ ಗುಂಪಿನ ಫಲಿತಾಂಶವನ್ನು ಇನ್ನೊಂದು ಪ್ರಯೋಗ ಎತ್ತಿಹಿಡಿಯಬೇಕು.

ಒಂದು ವ್ಯತ್ಯಾಸ ಇದೆ. ಹಿಯರಿಂಗ್ ಏಡ್ ಮರೆವನ್ನು ತಡೆಯದಿದ್ದರೂ ಮಾತು ಕೇಳಿಸುತ್ತದೆ, ಅಷ್ಟಕ್ಕೇ ಹಾಕಿಕೊಳ್ಳಬಹುದು. ಮತ್ತು ಇದು ಈಗ ಸುಲಭವಾಗುತ್ತಿದೆ. 2022ರಲ್ಲಿ ಅಮೆರಿಕ ವೈದ್ಯರ ಚೀಟಿಯಿಲ್ಲದೆ ಹಿಯರಿಂಗ್ ಏಡ್ ಮಾರಲು ಅವಕಾಶ ಕೊಟ್ಟಿತು. 2024ರ ಸೆಪ್ಟೆಂಬರ್‌ನಲ್ಲಿ ಆಪಲ್‌ನ ಏರ್‌ಪಾಡ್ಸ್ ಪ್ರೊ ಇಯರ್‌ಬಡ್‌ಗಳನ್ನು ಹಿಯರಿಂಗ್ ಏಡ್ ಆಗಿ ಬಳಸುವ ಸಾಫ್ಟ್‌ವೇರ್‌ಗೆ ಒಪ್ಪಿಗೆ ಸಿಕ್ಕಿತು. ಫೋನು ಬೇರೆ ಬೇರೆ ಸ್ವರದ ಸಣ್ಣ ಬೀಪ್‌ಗಳನ್ನು ಕೇಳಿಸುತ್ತದೆ. ಕೇಳಿಸಿದಾಗ ಪರದೆ ಮುಟ್ಟಬೇಕು. ಯಾವ ಸ್ವರ ಎಷ್ಟು ಮಂದವಾಗಿ ಕೇಳಿಸಿತು ಎಂಬುದನ್ನು ಹಿಡಿದು ಇಯರ್‌ಬಡ್ ಆ ಸ್ವರವನ್ನಷ್ಟೇ ಏರಿಸುತ್ತದೆ. ಸ್ವಲ್ಪ ಅಥವಾ ಮಧ್ಯಮ ಮಟ್ಟದ ಕಿವುಡುತನಕ್ಕೆ ಮಾತ್ರ ಇದು. ಬ್ಯಾಟರಿ ಕೆಲವೇ ಗಂಟೆ ಬರುತ್ತದೆ. ಒಂದೇ ಕಿವಿ ಇದ್ದಕ್ಕಿದ್ದ ಹಾಗೆ ಕೇಳಿಸದಾದರೆ ಇಯರ್‌ಬಡ್ ಹುಡುಕುತ್ತ ಕೂರಬಾರದು, ಅದೇ ದಿನ ವೈದ್ಯರ ಬಳಿ ಹೋಗಬೇಕು. ಎಲ್ಲರ ಕಿವಿಯಲ್ಲೂ ಇಯರ್‌ಬಡ್ ಇರುವ ಕಾಲದಲ್ಲಿ ಹಾಕಿಕೊಳ್ಳಲು ನಾಚಿಕೆಯಂತೂ ಆಗುವುದಿಲ್ಲ.

ಬಿಪಿ ವಿಷಯ ಬೇಗ ಮುಗಿಸಬಹುದು. 9361 ಜನರ ಸ್ಪ್ರಿಂಟ್ ಪ್ರಯೋಗದಲ್ಲಿ ಮೇಲಿನ ಬಿಪಿಯನ್ನು 140ರ ಬದಲು 120ರ ಕೆಳಗೆ ಇಳಿಸಿದಾಗ ಮರೆವಿನ ಮೊದಲ ಹಂತದ ತೊಂದರೆ ಶೇ. 19 ಕಡಿಮೆಯಾಯಿತು. ಪೂರ್ಣ ಪ್ರಮಾಣದ ಕಾಯಿಲೆಯ ವಿಷಯದಲ್ಲಿ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಸಿಗಲಿಲ್ಲ. ಬಿಪಿ ಮಾತ್ರೆ ಅಗ್ಗ, ಹಳೆಯದು, ಯಾರೂ ಅದರ ಬಗ್ಗೆ ರೀಲ್ ಮಾಡುವುದಿಲ್ಲ.

ಈಗ ಆಗಲೇ ಬಿಟ್ಟಿದ್ದ ಪ್ರಶ್ನೆಗೆ ಬರೋಣ. ಲಕ್ಷಣ ಕಾಣುವ ಮುಂಚೆಯೇ ಅಮಿಲಾಯ್ಡ್ ತೆಗೆದರೆ ಕಾಯಿಲೆ ತಡೆಯಬಹುದೇ? ಸೊಲಾನೆಜುಮ್ಯಾಬ್ ಎಂಬ ಔಷಧದಲ್ಲಿ ಇದನ್ನು ಒಮ್ಮೆ ನೋಡಿಯಾಗಿದೆ. ಅಮಿಲಾಯ್ಡ್ ಇದ್ದೂ ಆರೋಗ್ಯವಾಗಿದ್ದ 1169 ಜನರಿಗೆ ನಾಲ್ಕೂವರೆ ವರ್ಷ ಕೊಟ್ಟು ನೋಡಿದರು. 2023ರಲ್ಲಿ ಉತ್ತರ ಬಂತು, ಉಪಯೋಗವಾಗಲಿಲ್ಲ. ಆದರೆ ಆ ಔಷಧ ಗಂಟುಗಟ್ಟಿದ ಅಮಿಲಾಯ್ಡ್ ತೆಗೆಯುವಂಥದ್ದಲ್ಲ. ತೆಗೆಯುವ ಲೆಕನೆಮ್ಯಾಬ್‌ಗೆ 2020ರಲ್ಲಿ ಶುರುವಾದ ಅಹೆಡ್ 3-45 ಎಂಬ ಪ್ರಯೋಗ ಇದೆ, ಡೊನನೆಮ್ಯಾಬ್‌ಗೆ ಟ್ರೈಲ್‌ಬ್ಲೇಜರ್-ಆಲ್ಜ್ 3 ಇದೆ. ಎರಡರಲ್ಲೂ ಇರುವವರು ಅಮಿಲಾಯ್ಡ್ ಇದ್ದೂ ಮರೆವಿನ ತೊಂದರೆ ಇಲ್ಲದವರು. ಎರಡನೆಯದಕ್ಕೆ ಜನರನ್ನು ಆರಿಸಿದ್ದೇ ಪಿ-ಟೌ217 ರಕ್ತ ಪರೀಕ್ಷೆಯಿಂದ.

ಇವು ಗೆದ್ದರೆ ಆರೋಗ್ಯವಾಗಿರುವವರು ರಕ್ತ ಕೊಟ್ಟು ನೋಡುವುದಕ್ಕೆ ಅರ್ಥ ಬರುತ್ತದೆ. ಪಾಸಿಟಿವ್ ಬಂದವರಿಗೆ ಮುಂದೇನು ಎಂದು ಹೇಳಲು ವೈದ್ಯರ ಕೈಯಲ್ಲಿ ಏನಾದರೂ ಇರುತ್ತದೆ. ಸೋತರೆ ಪರೀಕ್ಷೆ ಈಗಿರುವ ಜಾಗದಲ್ಲೇ ಉಳಿಯುತ್ತದೆ: ಮರೆವು ಶುರುವಾದವರಿಗೆ ಅದು ಅಲ್ಜೈಮರ್‌ನಿಂದಲೋ, ಬಿ12 ಕೊರತೆ, ಥೈರಾಯ್ಡ್, ಖಿನ್ನತೆ ಅಥವಾ ತೆಗೆದುಕೊಳ್ಳುತ್ತಿರುವ ಮಾತ್ರೆಗಳಿಂದಲೋ ಎಂದು ಬೇರೆ ಮಾಡುವುದಕ್ಕೆ. ಅಲ್ಜೈಮರ್ ಬಿಟ್ಟು ಈ ಪಟ್ಟಿಯಲ್ಲಿ ಉಳಿದವಕ್ಕೆಲ್ಲ ಮದ್ದು ಇವತ್ತೇ ಇದೆ.